ಹಾಲ್ ಟಿಕೆಟ್ ಬಂದರೂ ಕಾಲು ಮುಂದೆ ಹೋಗುತ್ತಿಲ್ಲ

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನವನು. ಎಂ.ಎ. ಮುಗಿಸಿ, ಕೆ.ಎ.ಎಸ್. ಪರೀಕ್ಷೆಯ ತಯಾರಿಗಾಗಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿದ್ದೇನೆ. ದಿನವಿಡೀ ಲೈಬ್ರರಿಯಲ್ಲಿ ಕೂತು ನೋಟ್ಸ್ ಬರೆಯುತ್ತೇನೆ. ಆದರೆ ದುಡ್ಡು ಕಟ್ಟಿದ ಟೆಸ್ಟ್ ಸೀರೀಸ್‌ನಲ್ಲಿ ಒಂದು ಟೆಸ್ಟನ್ನೂ ಬರೆದಿಲ್ಲ. ಇನ್ನೊಮ್ಮೆ ಓದಿ ಬರೆಯೋಣ ಎಂದು ಮುಂದಕ್ಕೆ ಹಾಕುತ್ತಲೇ ಇದ್ದೇನೆ. ಕಳೆದ ಸಲ ಹಾಲ್ ಟಿಕೆಟ್ ಬಂದರೂ ಪರೀಕ್ಷೆಗೆ ಹೋಗಲಿಲ್ಲ, ಮನೆಯಲ್ಲಿ ಬರೆದೆನೆಂದು ಹೇಳಿದ್ದೇನೆ. ಅಪ್ಪ ಉಳ್ಳಾಗಡ್ಡಿ ಮಾರಿದ ದುಡ್ಡಿನಲ್ಲಿ ಬಾಡಿಗೆ ಕಳಿಸುತ್ತಾರೆ. ನಾನು ಇಷ್ಟು ಸೋಮಾರಿ ಏಕಾದೆ?

ಉತ್ತರ: ದಿನವಿಡೀ ಲೈಬ್ರರಿಯಲ್ಲಿ ಕೂರುವವರನ್ನು ಸೋಮಾರಿ ಎನ್ನಲಾಗದು. ನೀವು ಎಲ್ಲ ಕೆಲಸವನ್ನೂ ಮುಂದೂಡುತ್ತಿಲ್ಲ. ಅಂಕ ಬೀಳುವ ಕೆಲಸವೊಂದನ್ನೇ ಮುಂದೂಡುತ್ತಿದ್ದೀರಿ. ನೋಟ್ಸ್ ಬರೆದರೆ ಯಾರೂ ಅಂಕ ಕೊಡುವುದಿಲ್ಲವಾದ್ದರಿಂದ ಅಲ್ಲಿ ಸೋಲೂ ಇಲ್ಲ.

ಟೆಸ್ಟಿನ ದಿನ ಬೆಳಿಗ್ಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಮುಂದಿನ ವಾರ ಬರೆಯೋಣ ಎಂದುಕೊಂಡ ಕೂಡಲೇ ಅದು ಇಳಿಯುತ್ತದೆ. ಆ ನಿರಾಳವೇ ಮುಂದೂಡಿದ್ದಕ್ಕೆ ಸಿಕ್ಕ ಬಹುಮಾನ. ಬಹುಮಾನ ಸಿಕ್ಕಿದ್ದನ್ನು ಮನಸ್ಸು ಮತ್ತೆ ಮಾಡುತ್ತದೆ, ಮತ್ತು ಪ್ರತಿ ಸಲ ತಪ್ಪಿಸಿಕೊಂಡಾಗಲೂ ಟೆಸ್ಟ್ ಎಂಬುದು ಮೊದಲಿಗಿಂತ ಭಯಂಕರವಾಗಿ ಕಾಣುತ್ತದೆ. ಮುಂದೂಡುವುದು ಮೂಲತಃ ವೇಳೆಯ ನಿರ್ವಹಣೆಯ ಸಮಸ್ಯೆಯಲ್ಲ, ಆ ಕ್ಷಣದ ಕಹಿ ಭಾವನೆಯಿಂದ ಪಾರಾಗುವ ಉಪಾಯ ಎಂದು ಫ್ಯೂಶಿಯಾ ಸಿರೊವಾ ಮತ್ತು ತಿಮೊಥಿ ಪಿಚಿಲ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ ವಾದಿಸಿದರು. ನೀವು ಹಾಕಿಕೊಂಡ ವೇಳಾಪಟ್ಟಿಗಳು ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಠಿಣವೆನಿಸಬಹುದು. ಬರೆಯದೇ ಇರುವವರೆಗೂ ‘ಬರೆದಿದ್ದರೆ ಪಾಸಾಗುತ್ತಿದ್ದೆ’ ಎಂಬ ನಂಬಿಕೆಗೆ ಧಕ್ಕೆಯಾಗುವುದಿಲ್ಲ. ಊರಿನಲ್ಲಿ ಸಾಹೇಬನಾಗುವ ಹುಡುಗ ಎಂಬ ಹೆಸರು, ಅಪ್ಪನ ದುಡ್ಡಿನ ಋಣ, ಜೊತೆಯಲ್ಲಿ ಓದಿದವರ ನೇಮಕಾತಿ ಆದೇಶಗಳು ಇವೆಲ್ಲ ಸೇರಿ, ಒಂದು ಟೆಸ್ಟಿನ ಅಂಕವನ್ನು ನಿಮ್ಮ ಇಡೀ ಯೋಗ್ಯತೆಯ ತೀರ್ಪನ್ನಾಗಿ ಮಾಡಿಬಿಟ್ಟಿವೆ. ಅಂಥ ತೀರ್ಪಿಗೆ ಯಾರು ತಾನೇ ಓಡೋಡಿ ಹೋಗುತ್ತಾರೆ? ಸಪ್ತಾಪುರದ ಗೋಡೆಗಳ ಮೇಲಿನ ರ‍್ಯಾಂಕ್ ಪಡೆದವರ ಫೋಟೊಗಳೂ, ಮೊಬೈಲಿನಲ್ಲಿ ಹರಿದಾಡುವ ಪ್ರೇರಣೆಯ ಭಾಷಣಗಳೂ ಈ ಹೆದರಿಕೆಯನ್ನು ಹೆಚ್ಚಿಸುತ್ತವೆಯೇ ಹೊರತು ಕಡಿಮೆ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಧೈರ್ಯ ಬಂದ ಮೇಲೆ ಬರೆಯುತ್ತೇನೆ ಎಂದು ಕಾಯಬೇಡಿ. ಹೆದರಿಕೆ ಇರುವಾಗಲೇ ಬರೆಯಬಹುದಾದಷ್ಟು ಸಣ್ಣ ಕೆಲಸವನ್ನು ಆರಿಸಿಕೊಳ್ಳಿ. ಲೋಕಸೇವಾ ಆಯೋಗದ ಹಳೆಯ ಮುಖ್ಯ ಪರೀಕ್ಷೆಯ ಪತ್ರಿಕೆಯಿಂದ ಒಂದೇ ಪ್ರಶ್ನೆಯನ್ನು ತೆಗೆದುಕೊಂಡು, ಪುಸ್ತಕ ಮುಚ್ಚಿ, 15 ನಿಮಿಷ ಬರೆಯಿರಿ. ಕೆಟ್ಟದಾಗಿ ಬರೆದರೂ ನಡೆಯುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ. ಎದೆ ಹೊಡೆದುಕೊಂಡರೂ ಏಳಬೇಡಿ, ಏಕೆಂದರೆ ಕೂತಲ್ಲೇ ಕೂತರೆ ಅದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಮನಸ್ಸು ಅನುಭವದಿಂದಲೇ ಕಲಿಯಬೇಕು. ಕೆಲವು ದಿನಗಳ ನಂತರ ಅಂಥದೊಂದು ಉತ್ತರವನ್ನು ರೂಮಿನ ಗೆಳೆಯನಿಗೆ ತೋರಿಸಿ, ಆಮೇಲೆ ತರಗತಿಯ ಗುರುಗಳಿಗೆ, ಅನಂತರ ಪೂರ್ತಿ ಟೆಸ್ಟ್. ಇದನ್ನು ಯಾವಾಗ ಮಾಡುವುದೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ: ‘ಬೆಳಿಗ್ಗೆ ಚಹಾ ಕುಡಿದು ಲೈಬ್ರರಿಯ ಕುರ್ಚಿಯಲ್ಲಿ ಕೂತ ಕೂಡಲೇ, ನೋಟ್ಸ್ ತೆರೆಯುವ ಮೊದಲೇ, ಆ ಒಂದು ಪ್ರಶ್ನೆ.’ ಹೀಗೆ ಸಂದರ್ಭಕ್ಕೆ ಕಟ್ಟಿಹಾಕಿದ ಸಂಕಲ್ಪವು ಬರೀ ಸಂಕಲ್ಪಕ್ಕಿಂತ ಹೆಚ್ಚು ನೆರವೇರುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅವರ ಅಧ್ಯಯನಗಳು ತೋರಿಸಿವೆ.

ಕಳೆದುಹೋದ ಪರೀಕ್ಷೆಗಾಗಿ ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನು ನಿಲ್ಲಿಸಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಯ ವೇಳೆಗೆ ಕಡಿಮೆ ಮುಂದೂಡಿದ್ದು ಕಂಡುಬಂದಿತು. ಆದರೆ ಅಪ್ಪನಿಗೆ ಹೇಳಿದ ಸುಳ್ಳು ಹಾಗೆಯೇ ಉಳಿಯಬಾರದು. ಮುಂದಿನ ಸಲ ಊರಿಗೆ ಹೋದಾಗ ‘ಹೆದರಿ ಹೋಗಲಿಲ್ಲಪ್ಪ, ಈಗ ಹೀಗೆ ಮಾಡುತ್ತಿದ್ದೇನೆ’ ಎಂದು ಎದುರು ಕೂತು ಹೇಳಿ. ಅವರು ಒಂದೆರಡು ದಿನ ಸಿಟ್ಟಾಗಬಹುದು. ಬಚ್ಚಿಟ್ಟ ವಿಷಯ ಮಾತ್ರ ಪ್ರತಿ ಫೋನ್ ಕರೆಗೂ ನಿಮ್ಮನ್ನು ಬೆಚ್ಚಿಬೀಳಿಸುತ್ತಲೇ ಇರುತ್ತದೆ. ನಿದ್ದೆ, ಊಟ ತಪ್ಪುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡದೆ ಧಾರವಾಡದಲ್ಲೇ ಇರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲಿ, ಉಚಿತವಾಗಿ ಮಾತನಾಡುತ್ತಾರೆ.

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನ ಗೃಹಿಣಿ, ವಯಸ್ಸು 46. ಕೆಲವು ತಿಂಗಳುಗಳಿಂದ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ, ನೋವಿಲ್ಲ. ಏನಾದರೂ ಹೇಳಿಬಿಟ್ಟಾರೆಂಬ ಹೆದರಿಕೆಯಿಂದ, ಮಗಳ ಮದುವೆ ಮುಗಿಯಲಿ ಎಂದು ಸುಮ್ಮನಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಉತ್ತರ: ಅಮ್ಮಾ, ಮೇಲಿನ ಯುವಕನಿಗೆ ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಳ್ಳಿ ಎಂದು ನಿಮಗೆ ಹೇಳುವುದಿಲ್ಲ. ಇದೇ ವಾರ ತೋರಿಸಿಕೊಳ್ಳಿ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ; ಆದರೆ ನೋವಿಲ್ಲ ಎಂಬುದು ಸಮಾಧಾನ ಪಡುವ ಲಕ್ಷಣವಲ್ಲ, ಪರೀಕ್ಷೆಯಿಂದಲೇ ಅದು ತಿಳಿಯಬೇಕು. ಕ್ಯಾನ್ಸರ್ ಆಗಿದ್ದರೂ ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ. ವೈದ್ಯರು ಮೊದಲು ಕೈಯಿಂದ ಮುಟ್ಟಿ ನೋಡುತ್ತಾರೆ, ಆಮೇಲೆ ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ), ಬೇಕಾದರೆ ಸೂಜಿಯಿಂದ ಗಂಟಿನ ಚೂರು ತೆಗೆದು ತಪಾಸಣೆ. ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವು ಇರುವುದರಿಂದ ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಒಳಗೆ ಹೋದ ಕೂಡಲೇ ‘ನನಗೆ ಬಹಳ ಹೆದರಿಕೆ ಇದೆ’ ಎಂದು ವೈದ್ಯರಿಗೆ ಹೇಳಿಬಿಡಿ, ಮುಜುಗರ ಬೇಡ. ಮದುವೆಯ ಕೆಲಸವನ್ನು ಒಂದು ದಿನ ಬೇರೆಯವರು ನೋಡಿಕೊಳ್ಳಲಿ. ಮಗಳಿಗೆ ವಿಷಯ ತಿಳಿಸಿ, ಅವಳನ್ನೇ ಜೊತೆಗೆ ಕರೆದುಕೊಂಡು ಹೋದರೂ ಆದೀತು.