ಸೋಲಾರ್ ಕರೆಂಟ್ ಇರುವಾಗ ಟಿವಿ ಸ್ಯಾಟಲೈಟಿಗೆ ಇಂಧನ ಯಾಕೆ?

ಬಿಟ್ಟಿ ಕರೆಂಟಿನಲ್ಲೇ ಸ್ಯಾಟಲೈಟನ್ನು ಅದರ ಜಾಗದಲ್ಲಿ ಹಿಡಿದಿಡಬಹುದಲ್ವಾ ಅಂತ ಕೇಳಿದ್ದೀರಿ. ಇಂಧನ ಪೂರ್ತಿ ತಪ್ಪುವುದಿಲ್ಲ, ಆದರೆ ತುಂಬಾ ಕಡಿಮೆಯಾಗುತ್ತದೆ. ನಾನು ದಾವಣಗೆರೆಯಲ್ಲಿ ಕೇಬಲ್ ಕಂಟ್ರೋಲ್ ರೂಮಿನ ಡಿಶ್‌ಗಳನ್ನು ನೋಡಿಕೊಳ್ಳುವವನು, ಈ ವಿಷಯ ಅಂದರೆ ನನಗೆ ಇಷ್ಟ.

ಸುಮ್ನೆ ಬಿಟ್ಟರೆ ಸ್ಯಾಟಲೈಟ್ ನಿಲ್ಲುವುದಿಲ್ಲ. ಸೂರ್ಯ, ಚಂದ್ರ ಎಳೆದೂ ಎಳೆದೂ ಅದರ ಕಕ್ಷೆ ವರ್ಷಕ್ಕೆ ಸುಮಾರು 0.8 ಡಿಗ್ರಿ ಓರೆಯಾಗುತ್ತದೆ, ಆಗ ಅದು ದಿನಾ ಉತ್ತರಕ್ಕೂ ದಕ್ಷಿಣಕ್ಕೂ ಓಲಾಡುತ್ತದೆ, ನಮ್ಮ ಹನ್ನೆರಡು ಅಡಿ ಡಿಶ್ ಒಂದೇ ಕಡೆ ಮುಖ ಮಾಡಿ ಕೂತಿರುತ್ತದೆ, ಒಂದೆರಡು ವರ್ಷದಲ್ಲೇ ದಿನಕ್ಕೆ ಎರಡು ಸಲ ಸಿಗ್ನಲ್ ಬೀಳೋಕೆ ಶುರು. ಇದನ್ನು ತಿದ್ದಲು ಪ್ರತಿ ವರ್ಷ ಸೆಕೆಂಡಿಗೆ 50 ಮೀಟರಿನಷ್ಟು ವೇಗ ಬದಲಿಸಬೇಕು. ಪೂರ್ವ-ಪಶ್ಚಿಮಕ್ಕೆ 2 ಮೀಟರ್ ಸಾಕು.

ಈ ಇಂಧನ ಬಿಟ್ಟು 2000 ಕೆ.ಜಿ. ತೂಗುವ ಸ್ಯಾಟಲೈಟ್, 15 ವರ್ಷ ಅಂತ ಲೆಕ್ಕ ಹಾಕಿ. ಇಂಧನ ಸುಟ್ಟರೆ ಉತ್ತರ-ದಕ್ಷಿಣದ ಕೆಲಸಕ್ಕೇ 550 ಕೆ.ಜಿ. ಮೇಲೆ ಬೇಕು. ಕರೆಂಟಿನಿಂದ ಅನಿಲವನ್ನು ಹೊರಗೆಸೆದು ಸ್ಯಾಟಲೈಟನ್ನು ತಳ್ಳುವ ಹಾಲ್ ಥ್ರಸ್ಟರ್ ಅನ್ನೋ ಎಂಜಿನ್‌ಗೆ ಸುಮಾರು 100 ಕೆ.ಜಿ. ಕ್ಸೆನಾನ್ ಅನಿಲ ಸಾಕು. ಸುಟ್ಟ ಅನಿಲ ಹೊರಬೀಳುವುದು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ, ಕ್ಸೆನಾನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಸುಮಾರು 300 ವೋಲ್ಟಿನಲ್ಲಿ ತಳ್ಳಿದರೆ ಅದು 15 ಕಿ.ಮೀ. ದಾಟುತ್ತದೆ. ಕರೆಂಟ್ ಕೊಡುವುದು ಈ ವೇಗವನ್ನು. ಎಸೆಯೋಕೆ ಏನಾದರೂ ಬೇಕೇ ಬೇಕು, ಹಿಂದಕ್ಕೆ ತಳ್ಳೋಣ ಅಂದರೆ ಅಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ.

ಆದರೆ ತಳ್ಳುವ ಬಲ ತೀರಾ ಕಡಿಮೆ. ರಷ್ಯಾದ ಎಸ್‌ಪಿಟಿ-100 ಥ್ರಸ್ಟರ್ 1.35 ಕಿಲೋವ್ಯಾಟ್ ತಿಂದು 83 ಮಿಲಿನ್ಯೂಟನ್ ಕೊಡುತ್ತದೆ, ಅಂಗೈ ಮೇಲೆ ಎಂಟು ಗ್ರಾಂ ಇಟ್ಟಷ್ಟು. ಹಾಗಾಗಿ ದಿನಾ ಹತ್ತಿರ ಹತ್ತಿರ ಒಂದು ಗಂಟೆ ಚಾಲೂ ಇಡಬೇಕು. ಮಾರ್ಚ್, ಸೆಪ್ಟೆಂಬರ್ ಹೊತ್ತಿಗೆ ಸ್ಯಾಟಲೈಟ್ ದಿನಕ್ಕೆ 72 ನಿಮಿಷದವರೆಗೂ ಭೂಮಿಯ ನೆರಳಲ್ಲಿರುತ್ತದೆ, ಆಗ ಬ್ಯಾಟರಿ ಚಾನೆಲ್‌ಗಳಿಗೇ ಬೇಕು. ಇಷ್ಟಾದರೂ ಈ ಕೆಲಸಕ್ಕೆ ಇದೇ ಸರಿ ಅನ್ನುತ್ತೇನೆ, ಅವಸರವೇ ಇಲ್ಲದ ಕೆಲಸ ಇದು.

ಇಸ್ರೋ 2010ರಲ್ಲೇ ಜಿಸ್ಯಾಟ್-4ರಲ್ಲಿ ಇದನ್ನು ಇಟ್ಟಿತ್ತು, ರಾಕೆಟ್ ಕೈಕೊಟ್ಟಿತು. 2017ರ ಮೇ 5ರಂದು ಹಾರಿದ ಜಿಸ್ಯಾಟ್-9ರಲ್ಲಿ ಮತ್ತೆ ಇಟ್ಟಿತು. 2025ರಲ್ಲಿ ನಮ್ಮದೇ 300 ಮಿಲಿನ್ಯೂಟನ್ ಥ್ರಸ್ಟರ್ 1000 ಗಂಟೆಗಳ ಪರೀಕ್ಷೆ ಮುಗಿಸಿತು. ನಮಗೆ ಇದು ಜಾಸ್ತಿ ಮುಖ್ಯ ಯಾಕೆ ಅಂದರೆ, ಇಂಧನ ಕಡಿಮೆಯಾದರೆ ಸ್ಯಾಟಲೈಟ್ ತೂಕವೂ ಇಳಿಯುತ್ತದೆ; 5,854 ಕೆ.ಜಿ. ತೂಕದ ಜಿಸ್ಯಾಟ್-11 ಅನ್ನು ಹೊರುವ ರಾಕೆಟ್ ನಮ್ಮಲ್ಲಿ ಇರಲಿಲ್ಲ, 2018ರಲ್ಲಿ ಅದನ್ನು ಫ್ರೆಂಚ್ ಗಯಾನಾಕ್ಕೆ ಒಯ್ದು ಏರಿಯಾನ್-5ರಲ್ಲಿ ಹಾರಿಸಬೇಕಾಯಿತು.