ತಮ್ಮಾ, ಜಡ್ಜ್ ಸಲುವಾಗಿ ಇಲ್ಲಿ ಯಾಕಿಷ್ಟು ಜಗಳ ಅಂತ ಕೇಳ್ದಿಯಲ್ಲ

ಆಳಂದದಿಂದ ಅಮೆರಿಕದ ಒಹಾಯೋಕ್ಕ ಬಂದಿ ಅಂತ ಓದಿ ಭಾಳ ಖುಷಿ ಆತು ತಮ್ಮಾ. ನಾ ಕಲಬುರಗಿ ಬ್ರಹ್ಮಪುರದಾಕಿ. ನೀ ಕೇಳಿದ್ದು, ಚಳಿಗಾಲಕ್ಕ ಏನ್ ತಗೋಬೇಕು, ಜೋಳದ ಹಿಟ್ಟು ಎಲ್ಲಿ ಸಿಗ್ತದ, ಮತ್ತ ಆಫೀಸ್‌ನಾಗ ಊಟದ ಹೊತ್ತಿಗೆ ಇಬ್ರು ಹಿರಿಯರು ಸುಪ್ರೀಂ ಕೋರ್ಟ್ ಜಡ್ಜ್ ನೇಮಕದ ಮ್ಯಾಲ ಜಗಳಾಡಿ, ಒಬ್ಬ ಗಾರ್ಲೆಂಡ್ ಹೆಸರು ತಗದ, ಇನ್ನೊಬ್ಬ ಬೋರ್ಕ್ ಹೆಸರು ತಗದ, ಕಡೀಗೆ ನಿನ್ ಕಡಿ ತಿರುಗಿ ನೀ ಏನಂತಿ ಅಂದ್ರಂತ, ನಮಗ ಓಟೇ ಇಲ್ಲ ಇದೆಲ್ಲ ನಮಗ್ಯಾಕ ಅಕ್ಕಾ ಅಂತ.

ಕೋಟ್ ಇಲ್ಲೇ ತಗೋ, ಊರಿನ ಸ್ವೆಟರ್ ಸಾಲಂಗಿಲ್ಲ. ಜೋಳದ ಹಿಟ್ಟು ಇಂಡಿಯನ್ ಸ್ಟೋರ್‌ನಾಗ ಸಿಗ್ತದ, ಹಳೇದಿರ್ತದ, ಕುದಿಯೋ ನೀರು ಹಾಕಿ ನಾದು.

ಇನ್ನ ಜಡ್ಜ್ ಮಾತು. ನಾ ಬಂದಿದ್ದು 2005ರ ಸೆಪ್ಟೆಂಬರ್‌ನಾಗ. ಮನ್ಯಾಗ ಒಬ್ಬಾಕೀನೇ, ಇವರ ಇಂಗ್ಲಿಷ್ ಕಿವಿಗೆ ಹತ್ಲಿ ಅಂತ ಟಿವಿ ಹಚ್ಚಿಟ್ಟಿರ್ತಿದ್ದೆ, ಆಗ ಸುಪ್ರೀಂ ಕೋರ್ಟಿನ ಮುಖ್ಯ ಜಡ್ಜ್ ಆಗಬೇಕಿದ್ದ ಜಾನ್ ರಾಬರ್ಟ್ಸ್ ಅವರ ವಿಚಾರಣೆ ನಡದಿತ್ತು. ಆ ಮನಷಾ ಮುಂದ ಒಂದ್ ಹಾಳಿ ಇಲ್ದ ಕುಂತು, ಜಡ್ಜ್ ಅಂದ್ರ ಅಂಪೈರ್ ಇದ್ದಂಗ, ಬ್ಯಾಟ್ ಹಿಡಿಯೋದು ನನ್ ಕೆಲಸಲ್ಲ ಅಂತ ಹೇಳಿದ್ರು. ಅಧ್ಯಕ್ಷ ಹೆಸರು ಕೊಡ್ತಾನ, ಸಂಸತ್ತಿನ ಮೇಲ್ಮನಿ ಸೆನೆಟ್ ಜಡ್ಜ್ ಆಗೋರನ್ನ ಎದುರಿಗೆ ಕುಂದ್ರಿಸಿ ಪ್ರಶ್ನೆ ಕೇಳಿ ಓಟ್ ಹಾಕ್ತದಲ್ಲ ಅಂತ ನಾ ದಂಗಾಗಿದ್ದೆ, ನಮ್ಮಲ್ಲಿ ಹಿರಿ ಜಡ್ಜ್‌ಗಳ ಕೊಲಿಜಿಯಂ ಹೆಸರು ಕಳಸ್ತದ, ಸರ್ಕಾರ ಫೈಲ್ ಹಿಡಕೊಂಡು ಕುಂದರ್ತದ, ಅದನ್ನ ಬದಲಾಯಿಸ್ಲಾಕ ತಂದ ಆಯೋಗದ ಕಾನೂನನ್ನ 2015ರಾಗ ಸುಪ್ರೀಂ ಕೋರ್ಟೇ ಹೊಡದು ಹಾಕ್ತು, ಮಂದಿಗೆ ಒಳಗ ಏನ್ ನಡೀತದ ಗೊತ್ತೇ ಆಗಂಗಿಲ್ಲ. ರಾಬರ್ಟ್ಸ್‌ಗೆ 78–22 ಓಟ್ ಬಿತ್ತು, ಎದುರು ಪಾರ್ಟಿ ಡೆಮೊಕ್ರಾಟ್‌ದ 44 ಮಂದೀಲೆ ಅರ್ಧ, ಅಂದ್ರ 22 ಮಂದಿ ಹೌದು ಅಂದಿದ್ರು. ಸ್ಕಾಲಿಯಾ ಅನ್ನೋ ಜಡ್ಜ್‌ಗ ಅಂತೂ 1986ರಾಗ 98–0.

ಆಮ್ಯಾಲ ಕೆಡ್ತಾ ಬಂತು. ರಿಪಬ್ಲಿಕನ್ ಅಧ್ಯಕ್ಷ ರೇಗನ್ ಹೆಸರು ಕೊಟ್ಟಿದ್ದ ಬೋರ್ಕ್‌ರನ್ನ 1987ರಾಗೇ ಡೆಮೊಕ್ರಾಟ್ ಬಹುಮತ ಇದ್ದ ಸೆನೆಟ್ 58–42ರಲೆ ಬ್ಯಾಡ ಅಂದಿತ್ತು, ಆ ಸಿಟ್ಟು ರಿಪಬ್ಲಿಕನ್ನರಿಗೆ ಇನ್ನೂ ಹೋಗಿಲ್ಲ. 2016ರ ಫೆಬ್ರವರಿಗೆ ಸ್ಕಾಲಿಯಾ ತೀರ್ಕೊಂಡ್ರು, ಒಬಾಮಾ ಮಾರ್ಚ್‌ನಾಗ ಗಾರ್ಲೆಂಡ್ ಹೆಸರು ಕೊಟ್ರು, ಆಗ ಸೆನೆಟ್‌ನಾಗ ಬಹುಮತ ಇದ್ದ ರಿಪಬ್ಲಿಕನ್ನರ ಮುಖಂಡ ಮೆಕಾನೆಲ್ ಇದು ಎಲೆಕ್ಷನ್ ವರ್ಷ ಅಂತ ಹೇಳಿ ವಿಚಾರಣೆನೇ ಇಡ್ಲಿಲ್ಲ. ಅದೇ ಮೆಕಾನೆಲ್ 2020ರಾಗ, ಎಲೆಕ್ಷನ್ ನವೆಂಬರ್ 3ಕ್ಕ ಇದ್ರೂ, ಸೆಪ್ಟೆಂಬರ್ 18ಕ್ಕ ಗಿನ್ಸ್‌ಬರ್ಗ್ ಅನ್ನೋ ಜಡ್ಜ್ ತೀರ್ಕೊಂಡ ಮ್ಯಾಲ, ಅಕ್ಟೋಬರ್ 26ಕ್ಕ ಬ್ಯಾರೆಟ್‌ರನ್ನ 52–48ರಲೆ ಕುಂದ್ರಿಸಿಬಿಟ್ರು. ನಡುವ, ಚರ್ಚಾ ಮುಗಿಸಿ ಓಟಿಗೆ ಹೋಗ್ಲಾಕ ಸೆನೆಟ್‌ನಾಗ 60 ಓಟ್ ಬೇಕನ್ನೋ ಅಡ್ಡಗೋಡಿನೂ ಹೋತು, ಕೆಳಗಿನ ಕೋರ್ಟಿಗೆ 2013ರಾಗ ಡೆಮೊಕ್ರಾಟ್ಸ್ ತಗದ್ರು, ಸುಪ್ರೀಂ ಕೋರ್ಟಿಗೆ 2017ರಾಗ ರಿಪಬ್ಲಿಕನ್ಸ್ ತಗದ್ರು. ನಮ್ಮಲ್ಲಿ 65ಕ್ಕ ರಿಟೈರ್, ಇಲ್ಲಿ ಜೀವ ಇರೋತನ ಆ ಕುರ್ಚಿ, ಹಿಂಗಾಗಿ ಒಂದ್ ಸೀಟಿಗೆ ಇಷ್ಟು ಬಡದಾಟ.

ಆದ್ರ ನನ್ ಮನಸಿಗೆ ಹತ್ತಿದ್ದು ಬ್ಯಾರೆ. ನಮ್ಮ ಆಫೀಸ್‌ನಾಗ ಇಬ್ರು ಹೆಣಮಕ್ಕಳಿದ್ರು, ವಯಸಿನಾಗ ನನಗಿಂತ ದೊಡ್ಡೋರು, ಒಬ್ಬಾಕಿ ರಿಪಬ್ಲಿಕನ್, ಒಬ್ಬಾಕಿ ಡೆಮೊಕ್ರಾಟ್. ನನ್ ಮಗ ಹುಟ್ಟಿದಾಗ ಊರಿಂದ ಅವ್ವಗ ವೀಸಾ ಸಿಗ್ಲಿಲ್ಲ, ಇವರಿಬ್ರೇ ಪಾಳಿ ಹಚ್ಚಿ ಮನಿಗೆ ಊಟ ತಂದು ಕೊಟ್ಟು ಕೂಸಿನ ಹಿಡಕೊಂಡು ಕುಂದರ್ತಿದ್ರು. 2018ರ ಸೆಪ್ಟೆಂಬರ್‌ನಾಗ ಟ್ರಂಪ್ ಹೆಸರು ಕೊಟ್ಟ ಕ್ಯಾವನಾ ವಿಚಾರಣೆ, ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ತಾನು ಸಣ್ಣಾಕಿದ್ದಾಗ ಆತ ಬಲವಂತಲೆ ಮೈಮ್ಯಾಲ ಬಂದ ಅಂದ್ರು, ಆತ ಖಂಡತುಂಡ ಇಲ್ಲ ಅಂದ. ಒಬ್ಬಾಕಿ ಫೋನ್‌ನಾಗ ಅದನ್ನ ಕೇಳ್ಕೋತ ಕಣ್ಣೀರು ಒರಸ್ಕೊಂಡ್ಲು, ಎದುರಿಗಿದ್ದಾಕಿ ಇಷ್ಟು ವರ್ಷ ಬಿಟ್ಟು ಈಗ್ಯಾಕ ಅಂದ್ಲು. ಅತ್ತಾಕಿ ಡಬ್ಬಿ ಮುಚ್ಚಳ ಹಾಕಿ, ಚಮಚಾ ತೊಳೀದೇ ಬ್ಯಾಗಿಗಿಟ್ಟು ಎದ್ದು ಹೋದ್ಲು. 50–48ರಲೆ ಆತ ಜಡ್ಜ್ ಆದ, ನಮ್ಮ ಒಹಾಯೋದ ಇಬ್ರು ಸೆನೆಟರ್‌ಗಳೇ ಒಬ್ರು ಹೌದು ಒಬ್ರು ಅಲ್ಲ ಅಂದಿದ್ರು. ಅವರಿಬ್ರು ಮತ್ತ ಒಂದ್ ಟೇಬಲ್‌ಗೆ ಕುಂದರ್ಲೇ ಇಲ್ಲ. ನನ್ ಮಗನ ಬರ್ತಡೇಕ್ಕ ಒಬ್ಬಾಕಿ ಮುಂಜಾನೆ ಬಂದು ಹೋಗ್ತಿದ್ಲು, ಇನ್ನೊಬ್ಬಾಕಿ ಸಂಜಿಗೆ. ಅದು ನನಗ ಈಗಲೂ ಸಂಕಟ.

ನಮ್ಮ ಕಾಕಾ ಕಲಬುರಗಿ ಕೋರ್ಟಿನಾಗ ವಕೀಲರು. ಮೊದಲ ಹೈಕೋರ್ಟ್ ತಾರೀಕು ಬಂತಂದ್ರ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗ್ಬೇಕಿತ್ತು. 2008ರಾಗ ನಮ್ಮೂರಿಗೆ ಸಂಚಾರಿ ಪೀಠ ಬಂತು, 2013ರಾಗ ಕಾಯಂ ಆತು, ಅದರ ಸಲುವಾಗಿ ಎಲ್ಲಾ ಪಾರ್ಟಿ ವಕೀಲರು ಕೂಡೇ ಧರಣಿ ಕುಂತವರು. ಇದನ್ನ ಎದಿ ಉಬ್ಬಿಸಿ ಹೇಳ್ತೀನಿ.

ಅದಕ್ಕ ಆಫೀಸ್‌ನಾಗ ಕೇಳಿದ್ರ, ನಾ ಹೊಸಬ, ನೀವೇ ಹೇಳ್ರಿ ಅನ್ನು, ಇಬ್ರದೂ ಕೇಳ್ಕೋ. ಆದ್ರ ನಮಗ್ಯಾಕ ಅನ್ನಬ್ಯಾಡ. ಎಚ್‌-1ಬಿ ಅನ್ನೋ ಕೆಲಸದ ವೀಸಾ ಮ್ಯಾಲಿದ್ದವರ ಮಕ್ಕಳು ಇಲ್ಲಿ ಹುಟ್ಟಿದ್ರೂ ಸಿಟಿಜನ್ ಅಲ್ಲ ಅನ್ನೋ ಟ್ರಂಪ್ ಆದೇಶ 2025ರ ಜನವರಿದು, ಜೂನ್‌ನಾಗ ಅದರ ಸಂಬಂಧನೇ ಕೆಳಗಿನ ಜಡ್ಜ್‌ಗಳು ಇಡೀ ದೇಶಕ್ಕ ತಡೆ ಕೊಡೋ ಅಧಿಕಾರ ಸುಪ್ರೀಂ ಕೋರ್ಟ್ 6–3ರಲೆ ಕಡಿಮಿ ಮಾಡ್ತು, ಆರು ಮಂದಿ ರಿಪಬ್ಲಿಕನ್ ಅಧ್ಯಕ್ಷರು ತಂದವರು, ಮೂರು ಮಂದಿ ಡೆಮೊಕ್ರಾಟ್ ಕಡೇವರು. ನೀ ಹೆಂಡ್ತಿ ಕರ್ಕೊಂಡು ಬರೋನಿದ್ದಿ, ಪೇಪರ್ ಓದ್ಕೋತ ಇರು, ಇಮಿಗ್ರೇಷನ್ ವಕೀಲರನ್ನೇ ಕೇಳು, ವಾಟ್ಸಾಪ್ ನಂಬಬ್ಯಾಡ.

ನಾ ಇಲ್ಲಿ ಸಿಟಿಜನ್ ಆಗಿ ಸೆನೆಟರ್‌ಗೆ ಓಟ್ ಹಾಕ್ತೀನಿ ಖರೆ, ಕಲಬುರಗಿ ಲಿಸ್ಟ್‌ನಾಗಿಂದ ಹೆಸರು ಹೋತು, ಬ್ಯಾರೆ ದೇಶದ ಸಿಟಿಜನ್ ಆದ ಭಾರತೀಯರಿಗೆ ಕೊಡೋ ಓಸಿಐ ಕಾರ್ಡಿಗೆ ಅಲ್ಲಿ ಓಟಿಲ್ಲ. ನಿಂದು ಇನ್ನೂ ಇಂಡಿಯಾ ಪಾಸ್‌ಪೋರ್ಟ್ ಅದ. ಹೊರದೇಶದಾಗಿರೋ ಭಾರತೀಯ ಮತದಾರರ ಫಾರ್ಮ್ 6ಎ ತುಂಬಿ ಹೆಸರು ಹಚ್ಕೋ, ಇಲ್ಲಿಂದ ಓಟ್ ಹಾಕ್ಲಾಕ ಬರಂಗಿಲ್ಲ, ಎಲೆಕ್ಷನ್‌ಕ್ಕ ರಜಾ ಸಿಕ್ರ ಪಾಸ್‌ಪೋರ್ಟ್ ತಗೊಂಡು ಆಳಂದಕ್ಕ ಹೋಗಿ ಹಾಕಿ ಬಾ.