ಕಸ್ಟಮ್ ಬ್ಯಾರಲ್ ಹಾಕಿಸಿದ ಮೇಲೂ ರೈಫಲ್ ಎರಡಿಂಚಿನ ಗ್ರೂಪ್‌ನಿಂದ ಕೆಳಗಿಳಿಯುತ್ತಿಲ್ಲ, ಏನು ಮಾಡಲಿ?

ಹಳೆಯ ರೆಮಿಂಗ್ಟನ್ 700, ಅದಕ್ಕೆ 6.5 ಕ್ರೀಡ್‌ಮೂರ್ ಅನ್ನುವ ತೋಟಾದ ಹೊಸ ಬ್ಯಾರಲ್, ಸ್ಟಾಕ್ (ಉಕ್ಕಿನ ಭಾಗಗಳು ಕೂರುವ ಹಿಡಿ) ಮಾತ್ರ ಮೊದಲಿನ ಮರದ್ದೇ. 100 ಗಜಕ್ಕೆ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ಹರಡು, ಎರಡಿಂಚು. ಬ್ಯಾರಲ್ ವಾಪಸ್ ಕಳಿಸಲೋ, ತೋಟಾ ನಾನೇ ತುಂಬಿಕೊಳ್ಳಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ 700 ಕೂಡ ಬ್ಯಾರಲ್ ಬದಲಾದ ಮೇಲೆ ಹೀಗೇ ಆಡುತ್ತಿತ್ತು. ಬ್ಯಾರಲ್‌ನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ದೋಷ ಇದ್ದದ್ದು ಅದರ ಬುಡದಲ್ಲಿ, ರಿಕಾಯಿಲ್ ಲಗ್ (ಗುಂಡು ಹಾರಿದಾಗಿನ ಹಿಂದೊದೆತವನ್ನು ಸ್ಟಾಕ್‌ಗೆ ದಾಟಿಸುವ ಉಕ್ಕಿನ ತುಂಡು) ಕೂರುವ ಕುಳಿಯಲ್ಲಿ.

ಈ ಲಗ್ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. 700ರಲ್ಲಿ ಅದು ರಿಸೀವರ್‌ಗೆ (ಬ್ಯಾರಲ್ ತಿರುಗಿಸಿ ಕೂರಿಸುವ ಉಕ್ಕಿನ ಒಡಲು) ಅಂಟಿಕೊಂಡ ಭಾಗ ಅಲ್ಲ. ಬ್ಯಾರಲ್ ಮತ್ತು ರಿಸೀವರ್ ನಡುವೆ ವಾಷರ್ ಥರ ಸಿಕ್ಕಿಸಿದ ಬೇರೆಯೇ ತುಂಡು. ಫ್ಯಾಕ್ಟರಿಯದ್ದು ಸುಮಾರು 0.187 ಇಂಚು ದಪ್ಪ. ಕಸ್ಟಮ್ ಬ್ಯಾರಲ್ ಕೂರಿಸುವ ಗನ್‌ಸ್ಮಿತ್‌ಗಳು ಅದನ್ನು ತೆಗೆದು, ಎರಡೂ ಮುಖ ಸಮವಾಗಿ ಉಜ್ಜಿದ 0.250 ಇಂಚಿನ ಲಗ್ ಹಾಕುವುದುಂಟು. ಕೆಲಸ ಒಳ್ಳೆಯದೇ. ಆದರೆ ಸ್ಟಾಕ್‌ನ ಕುಳಿ ಹಳೆಯ ಲಗ್‌ನ ಅಳತೆಗೆ ಕೊರೆದದ್ದು. ಹೊಸದು ಒಳಗೆ ಇಳಿಯಲಿ ಅಂತ ಯಾರೋ ಒಂದಿಷ್ಟು ಮರ ಕೆರೆದು ಒತ್ತಿ ಕೂರಿಸಿರುತ್ತಾರೆ. ಆಗ ಲಗ್‌ನ ತಳ ಮರಕ್ಕೆ ತಾಗಿ ನಿಲ್ಲುತ್ತದೆ, ಅಥವಾ ಮುಂಭಾಗ ಕಚ್ಚಿಕೊಳ್ಳುತ್ತದೆ. ರಿಸೀವರ್ ತಾನು ಕೂರಬೇಕಾದ ಜಾಗದಲ್ಲಿ ಕೂರುವುದೇ ಇಲ್ಲ, ಲಗ್ ಮೇಲೆ ನಿಂತುಬಿಡುತ್ತದೆ. ಸ್ಕ್ರೂ ಬಿಗಿದರೆ ಉಕ್ಕೇ ಬಾಗುತ್ತದೆ. ಪ್ರತಿ ಗುಂಡಿಗೂ ಅದು ಒಂದಿಷ್ಟು ಸಡಿಲಿ ಬೇರೆ ಜಾಗದಲ್ಲಿ ಕೂರುತ್ತದೆ. ಹೀಗಾದಾಗ ಗುಂಡುಗಳು ಬೇಕಾಬಿಟ್ಟಿ ಚದುರುವುದಕ್ಕಿಂತ ಹೆಚ್ಚಾಗಿ ಎರಡು ಗುಂಪಾಗಿ ಬೀಳುತ್ತವೆ, ಇಲ್ಲವೇ ಮೇಲೆ-ಕೆಳಗೆ ಸಾಲುಗಟ್ಟುತ್ತವೆ. ನಿಮ್ಮ ಟಾರ್ಗೆಟ್ ಕಾಗದಗಳನ್ನು ಎಸೆದಿಲ್ಲವಾದರೆ ಮೊದಲು ಅದನ್ನು ನೋಡಿ.

ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯೇ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದಿಡಿ. ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಬ್ಯಾರಲ್ ಮತ್ತು ಸ್ಟಾಕ್‌ನ ಮುಂತುದಿ ಎರಡನ್ನೂ ಒಟ್ಟಿಗೆ ಮುಟ್ಟುವಂತೆ ಬೆರಳಿಟ್ಟು, ಮುಂದಿನ ಆಕ್ಷನ್ ಸ್ಕ್ರೂ (ರಿಸೀವರನ್ನು ಸ್ಟಾಕ್‌ಗೆ ಬಿಗಿಯುವುದು) ನಿಧಾನಕ್ಕೆ ಸಡಿಲಿಸಿ. ಎರಡರ ನಡುವೆ ಸರಿದಾಟ ಬೆರಳಿಗೆ ಗೊತ್ತಾದರೆ ಬೆಡ್ಡಿಂಗ್, ಅಂದರೆ ಉಕ್ಕು ಸ್ಟಾಕ್‌ನಲ್ಲಿ ಕೂರುವ ಪರಿ, ಕೆಟ್ಟಿದೆ ಅಂತಲೇ ಅರ್ಥ. ಡಯಲ್ ಇಂಡಿಕೇಟರ್ (ಸಣ್ಣ ಸರಿದಾಟ ಅಳೆಯುವ ಮುಳ್ಳಿನ ಮಾಪಕ) ಇದ್ದರೆ ಇನ್ನೂ ಖಚಿತ: ಸರಿದಾಟ 0.002 ಇಂಚಿನೊಳಗೆ ಇದ್ದರೆ ಚಿಂತೆಯಿಲ್ಲ, 0.005 ದಾಟಿದರೆ ಬೇರೆ ಯಾವ ಕೆಲಸವೂ ಮಾಡಬೇಡಿ, ಮೊದಲು ಇದನ್ನು ಸರಿಪಡಿಸಿ. ಎಲ್ಲಿ ತಾಗುತ್ತಿದೆ ತಿಳಿಯಲು ಲಗ್‌ಗೆ ತೆಳ್ಳಗೆ ಕಾಡಿಗೆ ಹಚ್ಚಿ ಕೂರಿಸಿ, ಬಿಗಿದು, ತೆಗೆಯಿರಿ. ಮರದ ಮೇಲೆ ಕಪ್ಪು ಬಿದ್ದ ಕಡೆಯೆಲ್ಲ ತಾಗುತ್ತಿದೆ. ಹಿಂಬದಿಯಲ್ಲಿ ಮಾತ್ರ ಬೀಳಬೇಕು. ತಳದಲ್ಲಿ ಬಿದ್ದರೆ ಕಳ್ಳ ಸಿಕ್ಕ.

ಮದ್ದು ಎಪಾಕ್ಸಿ ಬೆಡ್ಡಿಂಗ್: ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಸ್ಟಾಕ್‌ಗೆ ತುಂಬಿ ಉಕ್ಕಿಗೆ ತಕ್ಕ ಅಚ್ಚು ಮಾಡುವುದು. ಡೆವ್‌ಕಾನ್ ಸ್ಟೀಲ್ ಪುಟ್ಟಿ, ಮರೀನ್-ಟೆಕ್ಸ್, ಆಕ್ರಾಗ್ಲಾಸ್ ಜೆಲ್, ಯಾವುದಾದರೂ ಆದೀತು. ಮರದ ಸ್ಟಾಕ್ ಆದ್ದರಿಂದ ಸ್ಕ್ರೂ ತೂತುಗಳಿಗೆ ಅಲ್ಯುಮಿನಿಯಂ ಪಿಲ್ಲರ್ (ಸ್ಕ್ರೂ ಒಳಗೆ ಹಾಯುವ ಗಟ್ಟಿ ಕೊಳವೆ) ಹಾಕಿಸಲೇಬೇಕು. ಇಲ್ಲದಿದ್ದರೆ ಮರ ಅದುಮಿಕೊಂಡು ಇವತ್ತಿನ ಬಿಗಿ ನಾಳೆ ಇರುವುದಿಲ್ಲ. ಲಗ್‌ನ ಮುಂದೆ, ಎರಡೂ ಪಕ್ಕ ಮತ್ತು ತಳಕ್ಕೆ ಎಲೆಕ್ಟ್ರಿಕಲ್ ಟೇಪ್ ಎರಡು ಪದರ ಅಂಟಿಸಿ. ಹಿಂಬದಿಗೆ ಬೇಡ, ಅದು ಎಪಾಕ್ಸಿಗೆ ಪೂರ್ತಿ ಒರಗಬೇಕು. ಬ್ಯಾರಲ್ ತನ್ನ ಚಾನೆಲ್‌ನ (ಸ್ಟಾಕ್‌ನಲ್ಲಿರುವ ಉದ್ದ ತೋಡು) ಮಧ್ಯದಲ್ಲಿ ನಿಲ್ಲುವಂತೆ ಮುಂತುದಿಯ ಹತ್ತಿರ ಟೇಪ್ ಸುತ್ತಿ. ಉಕ್ಕಿನ ಪ್ರತಿ ಮೂಲೆಗೂ, ಸ್ಕ್ರೂ ಮರೆಗಳಿಗೂ (ಸುರುಳಿ ಗೆರೆಗಳಿಗೂ) ಎಪಾಕ್ಸಿ ಅಂಟದಂತೆ ತಡೆಯುವ ರಿಲೀಸ್ ಏಜೆಂಟ್ ಹಚ್ಚಿ, ಬಣ್ಣವಿಲ್ಲದ ಶೂ ಪಾಲಿಶ್ ಕೂಡ ನಡೆಯುತ್ತದೆ. ಒಂದು ಮೂಲೆ ಬಿಟ್ಟುಹೋದರೆ ರೈಫಲ್ ಸ್ಟಾಕ್‌ನಿಂದ ಹೊರಗೆ ಬರುವುದಿಲ್ಲ. ರಿಸೀವರ್‌ನ ತೂತು, ಸಂದುಗಳನ್ನು ಮಕ್ಕಳ ಮಾಡೆಲಿಂಗ್ ಕ್ಲೇಯಿಂದ ಮುಚ್ಚಿ.

ಎಪಾಕ್ಸಿ ಹಸಿಯಿರುವಾಗ ಸ್ಕ್ರೂ ಬಿಗಿಯಬೇಡಿ. ಬಾಗಿದ ಸ್ಥಿತಿಯಲ್ಲೇ ಅಚ್ಚು ಗಟ್ಟಿಯಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ರಿಸೀವರ್ ಪಿಲ್ಲರ್ ಮೇಲೆ ತಾನಾಗಿ ಕೂರುವಷ್ಟು ರಬ್ಬರ್ ಟ್ಯೂಬ್ ಸುತ್ತಿ ಹಿಡಿದಿಟ್ಟರೆ ಸಾಕು. 24 ಗಂಟೆ ಮುಟ್ಟಬೇಡಿ. ಆಮೇಲೆ ಸ್ಕ್ರೂ ತೂತುಗಳನ್ನು 5/16 ಇಂಚಿಗೆ ಹಿಗ್ಗಿಸಿ. ಕಾಲಿಂಚಿನ ಸ್ಕ್ರೂ ಪಕ್ಕಕ್ಕೆ ತಾಗಿದರೆ ಅದೇ ಎರಡನೇ ಲಗ್ ಆಗಿ ಕೂತುಬಿಡುತ್ತದೆ. ಜೋಡಿಸುವಾಗ ಬ್ಯಾರಲ್ ಮೇಲ್ಮುಖವಾಗಿ ಹಿಡಿದು, ಹಿಂಬದಿಯನ್ನು ಮೆತ್ತನೆಯ ನೆಲಕ್ಕೆ ಒಮ್ಮೆ ತಟ್ಟಿ, ಲಗ್ ಹಿಂದಕ್ಕೆ ಒರಗಿದ ಮೇಲೆ ಬಿಗಿಯಿರಿ. ಪಿಲ್ಲರ್ ಇದ್ದರೆ 65 ಇಂಚ್-ಪೌಂಡ್, ಬರೀ ಮರವಾದರೆ 40ರ ಆಸುಪಾಸು.

ಸ್ಕೋಪ್ ಬೇಸ್‌ನ (ಗುರಿ ದೂರದರ್ಶಕವನ್ನು ರಿಸೀವರ್ ಮೇಲೆ ಹಿಡಿದಿಡುವ ಪಟ್ಟಿ) ತೀರಾ ಮುಂದಿನ ಸ್ಕ್ರೂ ಕೂಡ ಬಿಚ್ಚಿ ನೋಡಿ. ಅದರ ತೂತು ಬ್ಯಾರಲ್‌ನ ಮರೆಗಳ ಮೇಲಕ್ಕೇ ಬರುತ್ತದೆ. ಸ್ಕ್ರೂ ಉದ್ದವಿದ್ದರೆ ಬ್ಯಾರಲ್‌ಗೆ ಗುದ್ದಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸಿದರೂ ಬೇಸ್ ಮಾತ್ರ ಸಡಿಲ. ತುದಿ ಹೊಳೆಯುತ್ತಿದ್ದರೆ ಒಂದೆರಡು ಮರೆಯಷ್ಟು ಅರದಿಂದ ಉಜ್ಜಿ. ಸ್ಕೋಪ್ ಹಿಡಿಯುವ ರಿಂಗ್‌ಗಳ ಸ್ಕ್ರೂಗಳಿಗೆ 15ರಿಂದ 18 ಇಂಚ್-ಪೌಂಡ್ ಸಾಕು, ಜಾಸ್ತಿಯಾದರೆ ಸ್ಕೋಪ್ ಟ್ಯೂಬ್ ಹಿಂಡಿಹೋಗುತ್ತದೆ.

ಆಮೇಲೆ 140 ಗ್ರೇನ್ ತೂಕದ ಗುಂಡಿನ, ಸ್ಪರ್ಧೆಗೆಂದು ತಯಾರಾದ ಒಳ್ಳೆಯ ಫ್ಯಾಕ್ಟರಿ ಮ್ಯಾಚ್ ತೋಟಾ ತಂದು, ಮರಳಿನ ಚೀಲವನ್ನು ಸ್ಟಾಕ್ ಕೆಳಗಿಟ್ಟು (ಬ್ಯಾರಲ್ ಕೆಳಗೆ ಅಲ್ಲ), ಐದೈದು ಗುಂಡಿನ ಎರಡು ಗ್ರೂಪ್ ಹೊಡೆಯಿರಿ. ಬೇಟೆ ರೈಫಲ್‌ನ ಬ್ಯಾರಲ್ ತೆಳುವು, ಬೇಗ ಕಾಯುತ್ತದೆ. ಕೈಯಿಟ್ಟರೆ ಬಿಸಿ ತಡೆಯಲಾಗದಿದ್ದರೆ ಕಾಯಬೇಕಾದವರು ನೀವು. ಮೂರು ಗುಂಡಿನ ಗ್ರೂಪ್ ನಂಬಬೇಡಿ, ಅದರಲ್ಲಿ ಅದೃಷ್ಟದ ಪಾಲೇ ಹೆಚ್ಚು.

ಒಂದಿಂಚಿನ ಆಸುಪಾಸು ಬಂದರೆ ಅಲ್ಲಿಗೆ ನಿಲ್ಲಿಸಿ. ಕೊಲೊರಾಡೊದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಅಂದಿದ್ದೀರಿ. 100 ಗಜಕ್ಕೆ ಒಂದಿಂಚು ಅಂದರೆ 300ಕ್ಕೆ ಮೂರಿಂಚು, ಎಲ್ಕ್‌ನ ಶ್ವಾಸಕೋಶದ ಭಾಗ ಸುಮಾರು ಒಂದಡಿ ಅಗಲ. ತೋಟಾ ತುಂಬುವ ಸಾಮಾನಿಗೆ ಸುರಿಯುವ ದುಡ್ಡನ್ನು ಗುಂಡಿಗೆ ಹಾಕಿ, ಕೂತು, ಮಂಡಿಯೂರಿ, ಬೆನ್ನಚೀಲದ ಮೇಲೆ ಒರಗಿ ಹೊಡೆಯುವುದನ್ನು ಕಲಿಯಿರಿ. ಬೆಂಚ್ ಮೇಲಿನ ಅರ್ಧ ಇಂಚು ಬೆಟ್ಟದ ಗಾಳಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟಾದ ಮೇಲೂ ಒಂದೂವರೆ ಇಂಚು ದಾಟಿದರೆ ಆಗ ಬ್ಯಾರಲ್ ಮೇಲೆ ಅನುಮಾನ ಪಡಿ. ತಾಮ್ರದ ಕಿಟ್ಟ ತೆಗೆದು, ಭೂತಗನ್ನಡಿ ಹಿಡಿದು ಕ್ರೌನ್ (ಗುಂಡು ಹೊರಬರುವ ಬ್ಯಾರಲ್ ಬಾಯಿಯ ಅಂಚು) ನೋಡಿ. ಗೀರು ಕಂಡರೆ ಹೊಸದಾಗಿ ಕತ್ತರಿಸಿ ಕೊಡುವುದು ಸಣ್ಣ ಕೆಲಸ. ಕ್ರೌನ್ ಚೆನ್ನಾಗಿದ್ದೂ ಹೀಗಾದರೆ ಕೂರಿಸಿದವರ ಬಳಿಗೇ ಒಯ್ದು ಚೇಂಬರ್ ಅಳೆಸಿ.

ಮಡಿಕೇರಿಯಲ್ಲಿರುವ ತಮ್ಮನ ಕೋವಿಗೂ ಇದೇ ಮಾಡಬಹುದೇ ಅಂದಿದ್ದೀರಿ. ಅಲ್ಲಿ ಆರ್ಮ್ಸ್ ಆಕ್ಟ್ 1959 ಇದೆ, ರಿಪೇರಿ-ಮಾರ್ಪಾಡಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಅಂಗಡಿಗೇ ಕೊಡಲಿ, ಮನೆಯಲ್ಲಿ ಬಿಚ್ಚುವುದು ಬೇಡ.